ಒದ್ದೆ ತೋಳಿನ ಅಂಗಿ

ಇದನ್ನು ಹೇಳುವ ಹಕ್ಕು ನನಗೆ ಪೂರ್ತಿ ಇಲ್ಲ. ಓದುವವರು ಕ್ಷಮಿಸಬೇಕು. ಹಗಲೆಲ್ಲ ಹೊಗೆಸೊಪ್ಪಿನ ಹೊಲದಲ್ಲಿ ದುಡಿದು, ಸಂಜೆ ಚರ್ಚಿನ ನೆಲಮಾಳಿಗೆಯ ಬೆಂಚಿನ ಮೇಲೆ ತೂಕಡಿಕೆ ತಡೆದುಕೊಂಡು ಇಂಗ್ಲಿಷ್ ಕಲಿತವಳು ನಾನು. ಆ ಅರೆಬರೆ ಇಂಗ್ಲಿಷಿನಲ್ಲೇ, ನನ್ನ ಹಾಗೆ ಸೊಪ್ಪು ಮುರಿಯುವ ಹಸಿಂತಾಳ ಸ್ಪ್ಯಾನಿಷ್ ಮಾತನ್ನು ಸಭೆಗೆ ತಿರುಗಿಸಿ ಹೇಳಿದೆ. ಒಂದೆರಡು ಕಡೆ ಖಂಡಿತ ತಪ್ಪಿದ್ದೇನೆ. ನನಗಿಂತ ಚೆನ್ನಾಗಿ ಬರೆಯಬಲ್ಲವರು ಆ ದಿನ ಆ ಸಭೆಯಲ್ಲಿ ಹತ್ತಾರು ಮಂದಿ ಇದ್ದರು. ಅವರು ಬರೆಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿಂದ ಮುಂದೆ ಕಥೆ ಹಸಿಂತಾಳದು.

ಎರಡು ಸಾವಿರದ ಏಳನೇ ಇಸವಿ, ಜುಲೈ ತಿಂಗಳು. ಉತ್ತರ ಕ್ಯಾರೊಲೈನಾದಲ್ಲಿ ಹೊಗೆಸೊಪ್ಪಿನ ಕುಡಿ ಮುರಿಯುವ ಕಾಲ. ಬೆಳಿಗ್ಗೆ ಆರಕ್ಕೆ ಹೊಲದಲ್ಲಿರಬೇಕು. ಗಿಡ ಎದೆಯುದ್ದ ಬೆಳೆದಿರುತ್ತದೆ. ಎಲೆಎಲೆಯ ಮೇಲೂ ಇಬ್ಬನಿ. ಹೆಂಗಸರು ಕಸ ತುಂಬುವ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಮೂರು ತೂತು ಮಾಡಿ, ತಲೆ ತೂರಿಸಿ, ಎರಡು ತೋಳು ಹೊರಗೆ ಹಾಕಿಕೊಳ್ಳುತ್ತಾರೆ. ಮೈ ಒಣಗಿರುತ್ತದೆ. ತೋಳು ಒದ್ದೆ. ಆ ಒದ್ದೆಯಲ್ಲಿ ಎಲೆಯ ನಂಜು ಇರುತ್ತದೆ. ಅದು ಚರ್ಮದಿಂದಲೇ ಒಳಗಿಳಿಯುತ್ತದೆ. ಜನ್ಮದಲ್ಲಿ ಒಂದು ಸಿಗರೇಟು ಸೇದದವಳಿಗೂ ತಲೆ ತಿರುಗುತ್ತದೆ, ಹೊಟ್ಟೆ ತೊಳೆಸುತ್ತದೆ, ಮೊಣಕಾಲು ನಡುಗುತ್ತದೆ. ಅದಕ್ಕೆ ಅವರು ‘ಸೊಪ್ಪು ಏರಿತು’ ಅನ್ನುತ್ತಾರೆ. ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತು ಕಕ್ಕುತ್ತಾರೆ. ಬಾಯಿ ಒರೆಸಿಕೊಂಡು ಎದ್ದು ಮತ್ತೆ ಕುಡಿ ಮುರಿಯುತ್ತಾರೆ. ಸಾಲು ಬಿಟ್ಟು ಹೊರಗೆ ಹೋದರೆ ಆ ಗಂಟೆಯ ಕೂಲಿ ಇಲ್ಲ.

ಹಸಿಂತಾ ಒಂದು ಸಲ ಹೊಲದ ಒಡೆಯ ಡ್ವೈಟ್ ಪಿಟ್‌ಮನ್ನನನ್ನು ಕೇಳಿದ್ದಳು. ಅವನಿಗೆ ಹೊಲಕ್ಕೆ ಬೇಕಾದಷ್ಟು ಸ್ಪ್ಯಾನಿಷ್ ಬರುತ್ತಿತ್ತು.

“ಧಣಿ, ಕೈಗವಸು ಕೊಡಿ. ಇಬ್ಬನಿ ಆರೋ ತನಕ ಆದ್ರೂ.”

“ಕೈಗವಸು ಹಾಕ್ಕೊಂಡ್ರೆ ಕೈ ನಿಧಾನ ಆಗುತ್ತೆ. ಬರೀ ನೀರು ಕಣೇ ಅದು. ಆಕಾಶದಿಂದ ಬಿದ್ದಿದ್ದು. ನೀರಿಗೆ ಹೆದರ್ತಾರಾ ಯಾರಾದ್ರೂ?”

ಹಿಂದಿನ ಸಾಲಿನಿಂದ ಚೋನಾ ಕೂಗಿದಳು. “ನೀರಾದ್ರೆ ಒಳ್ಳೇದಾಯ್ತು. ನಾಳೆ ಧಣಿ ಕಾಫಿಗೆ ಇದನ್ನೇ ಹಿಂಡಿ ಕೊಡೋಣ.”

ಸಾಲುಗಳೆಲ್ಲ ನಕ್ಕವು. ಅವಳ ಮಾತಿನ ವೇಗ ಪಿಟ್‌ಮನ್ನನಿಗೆ ಸಿಗಲಿಲ್ಲ. ಅವನೂ ನಕ್ಕ.

ಹಸಿಂತಾಳ ಮಗಳು ನೊಯೆಮಿಗೆ ಚೋನಾ ಧರ್ಮದ ತಾಯಿ, ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತವಳು. ಹಾಗಾಗಿ ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ‘ಕೊಮಾದ್ರೆ’, ಅಂದರೆ ಜೊತೆತಾಯಿ, ಎಂದೇ ಕರೆಯುತ್ತಿದ್ದರು. ಹಸಿಂತಾಳಿಗೆ ಗಂಡ ಇಲ್ಲ. ಅವಳ ಅಪ್ಪ ಇದೇ ಹೊಲಗಳಲ್ಲಿ ಮೂವತ್ತು ವರ್ಷ ದುಡಿದು, ಕಾಗದಪತ್ರ ಮಾಡಿಸಿಕೊಂಡು, ಹನ್ನೆರಡು ವರ್ಷ ಕಾದು ಮಗಳನ್ನೂ ಮೊಮ್ಮಗಳನ್ನೂ ಕಾನೂನಿನ ಪ್ರಕಾರವೇ ಕರೆಸಿಕೊಂಡಿದ್ದ. ಅವರು ಬಂದ ಎರಡನೇ ಚಳಿಗಾಲಕ್ಕೆ ಸತ್ತ. ಉಳಿದದ್ದು ಹೊಲದಂಚಿನ ಒಂದು ತಗಡಿನ ಮನೆ, ಗೋಡೆಗೆ ಅವನು ಹೊಡೆದಿದ್ದ ಒಂದು ಮೊಳೆ.

ಆ ಮೊಳೆ ಬಾಗಿಲಿನ ಹೊರಗಿತ್ತು. ಹೊಲದಿಂದ ಬಂದವರು ಅಂಗಿಯನ್ನು ಅಲ್ಲೇ ಕಳಚಿ ತೂಗುಹಾಕಬೇಕು. ನಲ್ಲಿಯ ರಬ್ಬರ್ ಕೊಳವೆಯಿಂದ ತೋಳು, ಕುತ್ತಿಗೆ ತೊಳೆಯಬೇಕು. ಬೆರಳಿಗೆ ಕಪ್ಪು ಅಂಟು ಹಿಡಿದಿರುತ್ತದೆ. ನಿಂಬೆ ಹೋಳು ಹಾಕಿ ತಿಕ್ಕಬೇಕು. ಅಲ್ಲಿಯವರೆಗೆ ಮಕ್ಕಳನ್ನು ಮುಟ್ಟುವಂತಿಲ್ಲ. ಸೊಪ್ಪಿನ ಕೆಲಸದವರ ಮನೆಗಳಲ್ಲೆಲ್ಲ ಇದೇ ಮಡಿ. ನೊಯೆಮಿಗೆ ಏಳು ವರ್ಷ. ಅವಳು ಬಾಗಿಲಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದಳು.

“ಮಾ, ಮುಟ್ಲಾ?”

“ತಡಿ.”

“ಈಗ ಮುಟ್ಲಾ?”

“ಕತ್ತು ಬಾಕಿ ಇದೆ. ತಡಿ.”

“ಈಗ?”

“ಬಾ.”

ಆಮೇಲೆ ಓಡಿ ಬಂದು ಹೊಟ್ಟೆಗೆ ಢಿಕ್ಕಿ ಹೊಡೆಯುತ್ತಿದ್ದಳು.

ಜುಲೈ ಮೂರನೇ ವಾರ ಒಂದು ದಿನ ಮಳೆ ಬಂದು ಕೆಲಸ ಬೇಗ ನಿಂತಿತು. ಹಸಿಂತಾ ಮನೆಗೆ ಬಂದು ಅಂಗಿ ಕಳಚುವ ಮುಂಚೆಯೇ ನೊಯೆಮಿ ಮೆಟ್ಟಿಲ ಮೇಲೆ ಜಾರಿದಳು. ಹಸಿಂತಾ ಯೋಚನೆ ಮಾಡಲಿಲ್ಲ. ಒದ್ದೆ ತೋಳಲ್ಲೇ ಹಿಡಿದು ಎತ್ತಿಕೊಂಡಳು. ಮಗು ಅವಳ ಭುಜಕ್ಕೆ ಮುಖ ಒತ್ತಿ ಅತ್ತಿತು. ಮರುದಿನ ಬೆಳಿಗ್ಗೆ ಮಗು ವಾಂತಿ ಮಾಡಿತು.

ಹಸಿಂತಾಳಿಗೆ ಸಂಶಯವೇ ಬರಲಿಲ್ಲ. ತನ್ನ ತೋಳಿನಿಂದಲೇ ಮಗುವಿಗೆ ಸೊಪ್ಪು ಏರಿದೆ ಅಂದುಕೊಂಡಳು. ಚೋನಾ ಬಂದು ನೋಡಿದಳು. ಅವಳೂ ಅದನ್ನೇ ಹೇಳಿದಳು. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ವಾಂತಿ, ತಲೆಸುತ್ತು, ಸುಸ್ತು. ನಮಗೆ ಗೊತ್ತಿದ್ದದ್ದು ಅದೊಂದೇ ಕಾಯಿಲೆ. ಅದರ ಔಷಧವೂ ಗೊತ್ತಿತ್ತು. ಮೈ ತೊಳೆಸು, ಮಲಗಿಸು, ನಿಂಬೆರಸಕ್ಕೆ ಸಕ್ಕರೆ ಹಾಕಿ ಕುಡಿಸು.

ಮಗುವಿಗೆ ವಿಪರೀತ ದಾಹ. ಹಸಿಂತಾ ಜಗ್ಗಿನ ತುಂಬ ಪಾನಕ ಮಾಡಿಟ್ಟಳು. ಸಕ್ಕರೆ ಕೈಬಿಚ್ಚಿ ಹಾಕಿದಳು. ಮಗು ಲೋಟದ ಮೇಲೆ ಲೋಟ ಕುಡಿಯಿತು. ಹಾಸಿಗೆಯಲ್ಲೇ ಉಚ್ಚೆ ಹೊಯ್ದಿತು. ಮತ್ತೆ ನೀರು ಕೇಳಿತು. ಮತ್ತೆ ಪಾನಕ. ಎರಡನೇ ದಿನ ಹಸಿಂತಾ ಕೆಲಸಕ್ಕೆ ಹೋದಳು. ಮೂರನೇ ದಿನ ಸಂಜೆ ಬಂದಾಗ ಮಗು ಬಾಗಿಲಿಗೆ ಬರಲಿಲ್ಲ. ‘ಮುಟ್ಲಾ’ ಅನ್ನಲಿಲ್ಲ. ದೂರ ಓಡಿ ಬಂದವರ ಹಾಗೆ ಉಸಿರು ಎಳೆಯುತ್ತಿತ್ತು. ಬಾಯಿಂದ ಕೊಳೆತ ಸೀಬೆಹಣ್ಣಿನ ವಾಸನೆ.

ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಅಂದರು. ಇನ್ನು ನಾಲ್ಕು ಗಂಟೆ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಅಂದರು. ಡಾಕ್ಟರು ಚಿಕ್ಕ ವಯಸ್ಸಿನವನು. ಫೋನಿನಲ್ಲಿ ಒಬ್ಬ ದುಭಾಷಿಯನ್ನು ಹಿಡಿದು ಕೇಳಿದ.

“ಮೂರು ದಿನ ಯಾಕೆ ಸುಮ್ನಿದ್ರಿ? ಏನು ಕೊಡ್ತಿದ್ರಿ ಮಗೂಗೆ?”

ಪಾನಕ ಎಂಬ ಪದ ಹಸಿಂತಾಳ ಬಾಯಿಂದ ಹೊರಡಲಿಲ್ಲ.

ಮಗು ಉಳಿಯಿತು. ಇನ್ನು ಬದುಕಿರುವವರೆಗೆ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು. ಆಸ್ಪತ್ರೆಯ ಒಬ್ಬ ಹೆಂಗಸು ಕಾಗದ ತಿರುವಿ ಹೇಳಿದಳು: “ಪ್ರಾಣಕ್ಕೆ ಬಂದಾಗ ಕರ್ಕೊಂಡು ಬನ್ನಿ, ನೋಡ್ತೀವಿ. ದಿನಾ ಬೇಕಾಗೋ ಔಷಧಕ್ಕೆ ಸರ್ಕಾರದ ಮಕ್ಕಳ ವಿಮೆ ಇದೆ. ಆದ್ರೆ ನಿಮಗೆ ಈ ದೇಶದಲ್ಲಿ ನೆಲೆಸೋ ಕಾಗದ ಆಗಿ ಮೂರೇ ವರ್ಷ. ಐದು ತುಂಬಬೇಕು.”

“ಇನ್ನೆರಡು ವರ್ಷ ಅವಳ ರಕ್ತ ಕಾಯುತ್ತಾ?”

ಆ ಹೆಂಗಸು ಚರ್ಚಿನವರು ನಡೆಸುವ ಉಚಿತ ಚಿಕಿತ್ಸಾಲಯದ ವಿಳಾಸ ಬರೆದುಕೊಟ್ಟಳು. ಅಲ್ಲಿ ಔಷಧ ಕಂಪನಿಯವರು ಬಿಟ್ಟುಹೋದ ಮಾದರಿ ಸೀಸೆಗಳಿದ್ದವು. ಕ್ರಿಸ್‌ಮಸ್ ತನಕ ಆಗುತ್ತದೆ ಅಂದರು.

ಅದೇ ಸಮಯಕ್ಕೆ ವಾಷಿಂಗ್ಟನ್ನಿನಲ್ಲಿ ಜಗಳ ಎದ್ದಿತ್ತು. ಮಕ್ಕಳ ವಿಮೆಯನ್ನು ಹಿಗ್ಗಿಸಬೇಕು, ಅದಕ್ಕೆ ಒಂದು ಪೊಟ್ಟಣ ಸಿಗರೇಟಿನ ಮೇಲೆ ಇನ್ನೂ ಅರುವತ್ತೊಂದು ಸೆಂಟ್ ತೆರಿಗೆ ಹಾಕಬೇಕು ಎಂದು ಒಂದು ಕಡೆ. ಹಾಕಿದರೆ ಹೊಗೆಸೊಪ್ಪಿನ ರೈತ ಸತ್ತ ಎಂದು ಇನ್ನೊಂದು ಕಡೆ. ನಮ್ಮ ಜಿಲ್ಲೆಯಲ್ಲಿ ರಸ್ತೆಯ ಆ ಬದಿಗೆ ಒಂದು ಫಲಕ, ಈ ಬದಿಗೆ ಒಂದು ಫಲಕ. ಸೆಪ್ಟೆಂಬರಿನಲ್ಲಿ ಸಂಸದರ ಕಡೆಯವರು ಜಿಲ್ಲಾ ಕಚೇರಿಯ ಸಭಾಂಗಣದಲ್ಲಿ ಅಹವಾಲು ಕೇಳುತ್ತಾರೆ ಎಂದು ಸುದ್ದಿ ಬಂತು.

ಪಿಟ್‌ಮನ್ ಹೊಲಕ್ಕೆ ತೆರಿಗೆ ಬೇಡ ಅನ್ನುವವರ ಹಸಿರು ಟೋಪಿಗಳ ಪೆಟ್ಟಿಗೆ ತಂದ. ಹಸಿಂತಾಳನ್ನು ಬೇರೆಯಾಗಿ ಕರೆದ.

“ನೀನು ಮಾತಾಡ್ಬೇಕು. ಹೆಂಗಸು, ಒಂಟಿ ತಾಯಿ. ಈ ಕಾಗದ ಓದಿದ್ರೆ ಸಾಕು. ತೆರಿಗೆ ಹಾಕಿದ್ರೆ ನನ್ನ ಹೊಟ್ಟೆ ಮೇಲೆ ಹೊಡೆದಂಗೆ ಅಂತ. ಸೊಪ್ಪು ಮುಗಿದ ಮೇಲೆ ಸಿಹಿಗೆಣಸು ಅಗಿಯೋಕೆ ಮೊದಲ ಹೆಸರು ನಿಂದೇ. ನವೆಂಬರ್ ತನಕ ಕೆಲಸ.”

ಅದೇ ವಾರ ಮೆರಿಡಿತ್ ಎಂಬ ಹೆಂಗಸು ತಗಡಿನ ಮನೆಗೆ ಬಂದಳು. ಮಕ್ಕಳ ವಿಮೆಯ ಪರವಾಗಿ ಓಡಾಡುತ್ತಿದ್ದ ಸಂಘದವಳು. ಒಳ್ಳೆಯವಳು. ನೊಯೆಮಿಗೆ ಸಕ್ಕರೆ ಇಲ್ಲದ ಬಿಸ್ಕತ್ತು ತಂದಿದ್ದಳು. ಜೊತೆಗೆ ತಿರುಗಿಸಿ ಹೇಳಲು ನನ್ನನ್ನೂ ತಂದಿದ್ದಳು. ಅವಳ ಕೈಯಲ್ಲೂ ಒಂದು ಕಾಗದ. ಅದರ ಮೇಲ್ಭಾಗದಲ್ಲಿ ನೊಯೆಮಿಯ ಫೋಟೊ. ಚಿಕಿತ್ಸಾಲಯದಲ್ಲಿ ಯಾರೋ ತೆಗೆದದ್ದು.

“ಏನು ಬರೆದಿದೆ?” ಎಂದು ಹಸಿಂತಾ ನನ್ನನ್ನು ಕೇಳಿದಳು.

“ಈ ಮಸೂದೆ ಪಾಸಾದ್ರೆ ನೊಯೆಮಿಯಂಥ ಮಕ್ಕಳಿಗೆ ಔಷಧ ಸಿಗುತ್ತೆ ಅಂತ.”

“ಐದು ವರ್ಷದ ನಿಯಮ ತೆಗೆದುಹಾಕ್ತಾರಾ? ಕೇಳು.”

ಕೇಳಿದೆ. ಮೆರಿಡಿತ್ ತಲೆ ಅಲ್ಲಾಡಿಸಿದಳು.

“ಅದು ಈ ಸಲ ಸೇರಿಲ್ಲ. ವಲಸೆಯವರ ಮಕ್ಕಳನ್ನ ಸೇರಿಸಿದ್ರೆ ಓಟು ಬೀಳಲ್ಲ ಅಂದ್ರು. ಮುಂದಿನ ಸಲ ಖಂಡಿತ ಹೋರಾಡ್ತೀವಿ.”

“ಹಂಗಾದ್ರೆ ಇದ್ರಲ್ಲಿ ನನ್ನ ಮಗಳಿಲ್ಲ.”

“ನೇರವಾಗಿ ಇಲ್ಲ. ಆದ್ರೆ ಅವಳ ಮುಖ ನೋಡಿದ್ರೆ ಜನರ ಮನಸ್ಸು ಕರಗುತ್ತೆ. ಲಕ್ಷಾಂತರ ಮಕ್ಕಳಿಗೆ ಸಹಾಯ ಆಗುತ್ತೆ ಹಸಿಂತಾ.”

ಹಸಿಂತಾ ಆ ಕಾಗದವನ್ನೂ ತೆಗೆದುಕೊಂಡಳು. ಬರುತ್ತೇನೆ ಎಂದಳು. ಆ ದಿನ ಶಾಲೆಯಿಂದ ಮಗುವನ್ನು ಸಭೆಗೆ ಕರೆತರಲು ಮೆರಿಡಿತ್‌ಗೆ ಒಪ್ಪಿಗೆ ಕೊಟ್ಟಳು.

ಚೋನಾ ಅಡುಗೆಯ ಮೂಲೆಯಲ್ಲಿ ಬೀನ್ಸ್ ಕಾಳು ಬೇಯಿಸುತ್ತಿದ್ದವಳು ಹೊರಗೆ ಬಂದಳು. “ಒಬ್ರಿಗೆ ನಿನ್ನ ಕೈ ಬೇಕು, ಇನ್ನೊಬ್ರಿಗೆ ನಿನ್ನ ಮಗು ಮುಖ ಬೇಕು. ಭಾಗ್ಯವಂತೆ ನೀನು ಕೊಮಾದ್ರೆ. ನನ್ನನ್ನ ಸಂತೆಗಿಟ್ರೂ ಒಬ್ಬ ಬರಲ್ಲ.”

“ಏನ್ಮಾಡ್ಲಿ ಹೇಳು.”

“ಧಣಿ ಕಾಗದ ಓದು. ಗೆಣಸಿನ ಕೆಲಸ ಸಿಗುತ್ತೆ. ಔಷಧಕ್ಕೆ ದುಡ್ಡಾಗುತ್ತೆ. ಮರ್ಯಾದೆ ಚುಚ್ಚಿದ್ರೆ ಸಕ್ಕರೆ ಇಳಿಯಲ್ಲ.”

ಹಸಿಂತಾ ಎರಡು ಕಾಗದವನ್ನೂ ಮಡಿಸಿ ಒಲೆಯ ಮೇಲಿನ ಹಲಗೆಯಲ್ಲಿಟ್ಟಳು.

ಸಭೆಯ ದಿನ ಬಂತು, ಹತ್ತು ಗಂಟೆಗೆ ಶುರು. ಪಿಟ್‌ಮನ್ ಬೆಳಗಿನ ಕೆಲಸ ಬಿಡಲಿಲ್ಲ. ಕೊನೆಯ ಕೊಯ್ಲು, ತುದಿ ಎಲೆಗಳು. ಆರರಿಂದ ಒಂಬತ್ತೂವರೆಯವರೆಗೆ ಇಬ್ಬನಿಯಲ್ಲೇ ಎಲೆ ಮುರಿದರು. ಆಮೇಲೆ ವ್ಯಾನು ಬಂತು. ವ್ಯಾನಿನ ಹತ್ತಿರ ಪಿಟ್‌ಮನ್ ಎಲ್ಲರಿಗೂ ಹೊಸ ಬಿಳಿ ಅಂಗಿ, ಹಸಿರು ಟೋಪಿ ಹಂಚಿದ.

“ಚೀಲ ಬಿಚ್ಚಿ. ಕೈ ತೊಳ್ಕೊಳ್ಳಿ. ನೀಟಾಗಿ ಕಾಣ್ಬೇಕು.”

ಎಲ್ಲರೂ ಬದಲಾಯಿಸಿಕೊಂಡರು. ಹಸಿಂತಾ ಕಸದ ಚೀಲ ಮಾತ್ರ ಬಿಚ್ಚಿದಳು. ಒಳಗಿನ ಉದ್ದ ತೋಳಿನ ಅಂಗಿ ಹಾಗೇ ಇತ್ತು. ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ನಿಂದೇನೇ?”

“ನಾನು ಹಿಂಗೇ ಬರ್ತೀನಿ ಧಣಿ.”

“ಒದ್ದೆ ಅಂಗೀಲಿ?”

“ಬರೀ ನೀರಲ್ವಾ.”

ಹೊತ್ತಾಗಿತ್ತು. ಅವನು ಬೈದುಕೊಂಡು ವ್ಯಾನು ಹತ್ತಿಸಿದ.

ಸಭಾಂಗಣದ ಎಡಕ್ಕೆ ಹಸಿರು ಟೋಪಿಗಳು. ಬಲಕ್ಕೆ ಬಣ್ಣದ ಬಲೂನು ಹಿಡಿದ ಮಕ್ಕಳು. ಎದುರಿಗೆ ಉದ್ದನೆಯ ಮೇಜು, ಬಿಳಿ ಹಾಸು, ನೀರಿನ ಲೋಟ, ಐದು ಜನ. ನೊಯೆಮಿ ಬಲಗಡೆಯ ಮೊದಲ ಸಾಲಿನಲ್ಲಿದ್ದಳು. ಅವಳ ಎದೆಗೆ ಘೋಷಣೆ ಬರೆದ ಒಂದು ರಟ್ಟು ಕಟ್ಟಿದ್ದರು. ತಾಯಿಯನ್ನು ಕಂಡು ಓಡಿ ಬಂದಳು. ಅಂಗಿ ನೋಡಿದಳು. ಒಂದು ಮಾರು ದೂರದಲ್ಲಿ ಗಕ್ಕನೆ ನಿಂತು ಕೈ ಹಿಂದಕ್ಕೆ ಕಟ್ಟಿಕೊಂಡಳು.

“ಮಾ, ಮುಟ್ಲಾ?”

ಜನ ತಿರುಗಿ ನೋಡಿದರು. ಮಗು ಯಾಕೆ ಹಾಗೆ ನಿಂತಿತು ಎಂದು ಬಲಗಡೆಯವರಿಗೆ ತಿಳಿಯಲಿಲ್ಲ. ಎಡಗಡೆಯವರಿಗೆಲ್ಲ ತಿಳಿಯಿತು.

“ಬೇಡ ಮಗಳೇ. ಅಲ್ಲೇ ನಿಲ್ಲು.”

ಹಸಿಂತಾಳ ಹೆಸರು ಕರೆದರು. ನಾನು ಅವಳ ಪಕ್ಕ ಮೈಕಿನ ಹತ್ತಿರ ಹೋದೆ. ಅವಳು ಎರಡು ಕಾಗದಗಳನ್ನು ಕಿಸೆಯಿಂದ ತೆಗೆದಳು. ತೋಳಿನ ನೀರಿಗೆ ಎರಡೂ ನೆನೆದವು.

“ನನ್ನ ಹೆಸರು ಹಸಿಂತಾ. ನನಗೆ ಎರಡು ಕಾಗದ ಕೊಟ್ಟಿದ್ದಾರೆ. ಇದು ಧಣಿ ಕೊಟ್ಟಿದ್ದು. ತೆರಿಗೆ ಬಂದ್ರೆ ನಾನು ಸಾಯ್ತೀನಿ ಅಂತಿದೆ. ಇದು ಆ ಅಮ್ಮ ಕೊಟ್ಟಿದ್ದು. ತೆರಿಗೆ ಬಂದ್ರೆ ನನ್ನ ಮಗಳು ಬದುಕ್ತಾಳೆ ಅಂತಿದೆ. ಎರಡೂ ಸುಳ್ಳು. ಎರಡೂ ಓದಲ್ಲ.”

ನಾನು ಇಂಗ್ಲಿಷಿನಲ್ಲಿ ‘ಸುಳ್ಳು’ ಅನ್ನಲಿಲ್ಲ. ‘ಪೂರ್ತಿ ಸರಿಯಲ್ಲ’ ಅಂದೆ. ಹಸಿಂತಾಳಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತಿತ್ತು. ನನ್ನ ಕಡೆ ತಿರುಗಿದಳು.

“ನಾನು ಹೇಳಿದ್ದನ್ನೇ ಹೇಳು.”

ಹೇಳಿದೆ.

“ತೆರಿಗೆ ಹಾಕಿ. ಬೇಕಾದ್ರೆ ಇನ್ನೂ ಜಾಸ್ತಿ ಹಾಕಿ. ಸೊಪ್ಪಿನ ದುಡ್ಡು ಮಕ್ಕಳ ಔಷಧಕ್ಕೆ ಹೋಗ್ಲಿ. ಆದ್ರೆ ಸೊಪ್ಪು ಮುರಿಯೋರ ಮಕ್ಕಳಿಗೆ ಇಲ್ಲ ಅಂದ್ರೆ ಹೆಂಗೆ? ನೀವು ಹೊಗೆ ಲೆಕ್ಕ ಹಾಕ್ತೀರಿ. ಹೊಗೆಗಿಂತ ಮುಂಚೆ ಇದಿದೆ. ನೋಡಿ.”

ಅವಳು ಅಂಗಿಯ ಗುಂಡಿ ಬಿಚ್ಚಿದಳು. ಒಳಗೆ ತೋಳಿಲ್ಲದ ಹಳೆಯ ಬನಿಯನ್ ಇತ್ತು. ತೋಳಿನ ತುಂಬ ಕೆಂಪು ಗಂಧೆ, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಕಪ್ಪು ಅಂಟು. ನಾಲ್ಕು ಹೆಜ್ಜೆ ಮುಂದೆ ಹೋಗಿ ಒದ್ದೆ ಅಂಗಿಯನ್ನು ಬಿಳಿ ಹಾಸಿನ ಮೇಲೆ ಹರಡಿದಳು. ತೋಳುಗಳನ್ನು ನೀಟಾಗಿ ಎರಡೂ ಕಡೆ ಚಾಚಿದಳು. ಹಾಸಿನ ಮೇಲೆ ಕಂದು ನೀರು ಹಬ್ಬಿತು.

“ಇದನ್ನು ಹಾಕ್ಕೊಂಡಿರುವಾಗ ನನ್ನ ಮಗಳು ನನ್ನನ್ನ ಮುಟ್ಟಲ್ಲ. ಒಂದು ದಿನ ಹಿಂಗೇ ಎತ್ಕೊಂಡೆ. ಮಾರನೆ ದಿನ ವಾಂತಿ ಆಯ್ತು. ಸೊಪ್ಪು ಏರಿದೆ ಅಂದ್ಕೊಂಡೆ. ಮೂರು ದಿನ ಸಕ್ಕರೆ ಪಾನಕ ಕುಡಿಸ್ದೆ. ಅವಳಿಗೆ ಇದ್ದಿದ್ದು ಸಕ್ಕರೆ ಕಾಯಿಲೆ. ಯಾಕೆ ಮೂರು ದಿನ ಸುಮ್ನಿದ್ದೆ ಅಂತ ಡಾಕ್ಟರು ಕೇಳಿದ್ರು. ಉತ್ತರ ಇಲ್ಲಿದೆ. ಮುಟ್ಟಿ ನೋಡಿ.”

ಮೇಜಿನ ನಡುವೆ ಕೂತಿದ್ದವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

“ನೋಡಮ್ಮಾ, ದಯವಿಟ್ಟು ಇದನ್ನ ತೆಗೀರಿ. ಕಾಗದಪತ್ರ ಒದ್ದೆ ಆಗ್ತಿವೆ.”

“ನೀವೇ ತೆಗೀರಿ. ಧಣಿ ಹೇಳ್ತಾರೆ, ಬರೀ ನೀರಂತೆ. ಬೇಕಿದ್ರೆ ಧಣೀನೇ ಬಂದು ಎತ್ತಲಿ.”

ಪಿಟ್‌ಮನ್ ಎದ್ದ. ಮುಖ ಕೆಂಪಾಗಿತ್ತು. ದಪದಪ ಹೆಜ್ಜೆ ಹಾಕಿ ಮೇಜಿನ ಹತ್ತಿರ ಬಂದ. ಕೈ ಚಾಚಿದ. ಅಂಗಿಗೆ ಒಂದು ಗೇಣು ಇರುವಾಗ ಕೈ ನಿಂತಿತು. ಅವನು ಹಿಂಜೇಬಿಗೆ ಕೈ ಹಾಕಿ ಒಂದು ಜೊತೆ ರಬ್ಬರಿನ ಕೈಗವಸು ತೆಗೆದ. ಒಂದನ್ನು ಹಾಕಿಕೊಂಡ. ಇನ್ನೊಂದಕ್ಕೆ ಬೆರಳು ತೂರಿಸುತ್ತಿದ್ದ.

ಆಗ ಚೋನಾ ನಕ್ಕಳು. ಒಬ್ಬಳೇ, ಜೋರಾಗಿ.

“ಜೇಬಲ್ಲೇ ಇತ್ತಲ್ಲೋ ದೇವರೇ!”

ಹಸಿರು ಟೋಪಿಯ ಸಾಲು ಪೂರ್ತಿ ನಕ್ಕಿತು. ಅದು ಸಂತೋಷದ ನಗೆಯಾಗಿರಲಿಲ್ಲ. ಒಬ್ಬೊಬ್ಬರಾಗಿ ಟೋಪಿ ತೆಗೆದು ನೆಲಕ್ಕೆ ಹಾಕಿದರು. ಪಿಟ್‌ಮನ್ ಕೈಗವಸು ಕಳಚಿ ಜೇಬಿಗೆ ತುರುಕಿಕೊಂಡ. ಹೋಗಿ ಕೂತ. ಅಂಗಿ ಇದ್ದಲ್ಲೇ ಇತ್ತು.

ಹಸಿಂತಾ ಎರಡು ಕಾಗದಗಳನ್ನೂ ಅಂಗಿಯ ಮೇಲಿಟ್ಟಳು. ಇಡುವ ಮುಂಚೆ ಒಂದರಿಂದ ಮಗಳ ಫೋಟೊವನ್ನು ಹರಿದುಕೊಂಡಳು. ಮೆರಿಡಿತ್ ಅಳುತ್ತಿದ್ದಳು. ಅವಳ ಮುಂದೆ ನಿಂತು ಹಸಿಂತಾ ಮಗಳಿಗೆ ಹೇಳಿದಳು:

“ಎದೆ ಮೇಲಿಂದು ಬಿಚ್ಚಿ ಅವರಿಗೆ ಕೊಡು. ಮನೆಗೆ ಹೋಗೋಣ.”

ಹೊರಗೆ ಕಚೇರಿಯ ಹುಲ್ಲಿಗೆ ನೀರು ಬಿಡುವ ಕೊಳವೆ ಇತ್ತು. ಅವಳು ಅದನ್ನು ಎತ್ತಿ ತೋಳು ತೊಳೆದಳು, ಕುತ್ತಿಗೆ ತೊಳೆದಳು. ಕಾವಲುಗಾರ ಬೇಡ ಅಂದ. ಅವಳು ನಿಲ್ಲಿಸಲಿಲ್ಲ. ನಿಂಬೆ ಇರಲಿಲ್ಲ. ಮರಳು ಹಾಕಿ ತಿಕ್ಕಿದಳು. ನೊಯೆಮಿ ಕಾಯುತ್ತ ನಿಂತಿದ್ದಳು.

“ಈಗ ಮುಟ್ಲಾ?”

“ಈಗ ಬಾ.”

ಗೆಣಸಿನ ಕೆಲಸ ಹಸಿಂತಾಳಿಗೆ ಸಿಗಲಿಲ್ಲ. ಚೋನಾಳಿಗೂ ಸಿಗಲಿಲ್ಲ. ನಕ್ಕಿದ್ದಕ್ಕೆ ಇರಬೇಕು. ಅಕ್ಟೋಬರಿನಲ್ಲಿ ಅಧ್ಯಕ್ಷರು ಆ ಮಸೂದೆಗೆ ಸಹಿ ಹಾಕಲಿಲ್ಲ ಎಂದು ರೇಡಿಯೋದಲ್ಲಿ ಬಂತು. ಆವತ್ತು ಹಸಿಂತಾ ನನಗೆ ಹೇಳಿದ್ದಿಷ್ಟೇ: “ಅವರು ಮತ್ತೆ ಕರೀತಾರೆ ನೋಡು. ಕರೆದ್ರೆ ನನ್ನ ಹತ್ರ ಇನ್ನೂ ಎರಡು ಅಂಗಿ ಇದೆ.” ಇದನ್ನು ಬರೆಯುವಾಗ ಚಿಕಿತ್ಸಾಲಯದ ಸೀಸೆಗಳು ಮುಗಿಯುತ್ತ ಬಂದಿವೆ. ಕ್ರಿಸ್‌ಮಸ್ ಆದಮೇಲೆ ನೊಯೆಮಿಗೆ ಔಷಧ ಎಲ್ಲಿಂದ ಬರುತ್ತದೆ ಎಂಬುದು ನನಗೆ ಗೊತ್ತಿಲ್ಲ.

ಇನ್ನೊಂದು ಸಂಗತಿಯೂ ಗೊತ್ತಿಲ್ಲ. ನಾವು ಹೊರಡುವಾಗ ಅಂಗಿ ಮೇಜಿನ ಮೇಲೇ ಇತ್ತು. ಐದು ಜನರೂ ಎದ್ದು ಬೇರೆ ಕೋಣೆಗೆ ಹೋಗಿದ್ದರು. ಕೊನೆಗೆ ಅದನ್ನು ಯಾರೋ ಎತ್ತಿರಲೇಬೇಕು. ಆ ಕಟ್ಟಡವನ್ನು ಗುಡಿಸಿ ಒರೆಸುವವರು ನಮ್ಮವರೇ, ನಮ್ಮಂಥ ಹೆಂಗಸರೇ. ಎತ್ತಿದವಳ ಕೈಗೆ ಗವಸು ಇತ್ತೋ ಇಲ್ಲವೋ, ಅವಳು ಮನೆಗೆ ಹೋಗಿ ಮಕ್ಕಳನ್ನು ಮುಟ್ಟುವ ಮುಂಚೆ ಕೈ ತೊಳೆದಳೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಬೇಕೆಂದು ಆಗ ನನಗೆ ಹೊಳೆಯಲಿಲ್ಲ.